ಕ್ಲಾರಾ ದಾಟಿಸಿದ ಕಡವು

ಕ್ಲಾರಾಳ ಅಣ್ಣ ಕ್ಲಾರೆನ್ಸ್ ಬೊಂಬಾಯಿಗೆ ಕೆಲಸಕ್ಕೆ ಹೊರಟಾಗ ತನ್ನ ಸೈಕಲ್ಲನ್ನು ಅಟ್ಟಕ್ಕೆ ಹಾಕಿಸಿ, ಇದನ್ನು ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿ ಹೋದ. ಅವನ ಬಸ್ಸು ಕಲ್ಯಾಣಪುರ ದಾಟುವ ಮೊದಲೇ ಕ್ಲಾರಾ ಅದನ್ನು ಕೆಳಗಿಳಿಸಿದ್ದಳು.

ಅದು ೧೯೫೭ನೇ ಇಸವಿ. ಕೆಮ್ಮಣ್ಣಿನಲ್ಲಿ ಸೈಕಲ್ ಬಿಡುವ ಹೆಣ್ಣುಮಗಳು ಎಂದರೆ ಅವಳೊಬ್ಬಳೇ. ಹದಿನೇಳು ವರ್ಷ, ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಮುಂದಿನ ಜೂನ್ ತಿಂಗಳಲ್ಲಿ ಟೀಚರ್ ಟ್ರೈನಿಂಗಿಗೆ ಸೇರುವುದೆಂದು ತೀರ್ಮಾನವಾಗಿತ್ತು. ಅಲ್ಲಿಯವರೆಗೆ ಮಾಡಲು ಹೆಚ್ಚೇನೂ ಇರಲಿಲ್ಲ. ತಂದೆ ಸ್ಟ್ಯಾನಿಸ್ಲಾಸರು ಹೊಳೆ ಬದಿಯ ತೆಂಗಿನ ತೋಟವನ್ನು ಗೇಣಿಗೆ ಮಾಡಿಕೊಂಡಿದ್ದರು. ತೋಟದ ಹುಲ್ಲು, ಮಡಲು ಸಾಗಿಸುವ ಸಣ್ಣ ದೋಣಿಯನ್ನು ಕ್ಲಾರಾ ಎಂಟನೇ ವರ್ಷದಿಂದಲೇ ನಡೆಸುತ್ತಿದ್ದಳು. ಅದಕ್ಕೆ ಯಾರೂ ಏನೂ ಅಂದಿರಲಿಲ್ಲ. ಸೈಕಲ್ಲಿಗೆ ಮಾತ್ರ ಎಲ್ಲರೂ ಅಂದರು.

"ಬಿದ್ದು ಹಲ್ಲು ಮುರಿದುಕೊಂಡರೆ ನಿನ್ನನ್ನು ಯಾರು ಕಟ್ಟಿಕೊಳ್ಳುತ್ತಾರೆ?" ಎಂದು ತಾಯಿ ತೆರೆಸಾ ಗದರಿದರು.

"ಮುಂದಿನ ಎರಡು ಹಲ್ಲು ಮೊದಲೇ ಸ್ವಲ್ಪ ಹೊರಗೆ ಉಂಟು. ಬಿದ್ದರೆ ಸರಿಯಾದರೂ ಆದೀತು" ಎಂದರು ಸ್ಟ್ಯಾನಿಸ್ಲಾಸರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಗೆಳತಿ ಜೆಸ್ಸಿ ಒಂದು ಪಂಥ ಹಾಕಿದಳು. ಇಗರ್ಜಿಯ ತಿರುವಿನಿಂದ ದೋಣಿ ಹತ್ತುವ ಕಡವಿನವರೆಗೆ ಇಳಿಜಾರು ದಾರಿ. ಅಷ್ಟು ದೂರ ಹ್ಯಾಂಡಲ್ ಮುಟ್ಟದೆ ಹೋದರೆ ತನ್ನ ಹೊಸ ಕೆಂಪು ರಿಬ್ಬನ್ ಕೊಡುತ್ತೇನೆ ಎಂದಳು. ಕ್ಲಾರಾಳಿಗೆ ರಿಬ್ಬನ್ನಿನ ಆಸೆ ಇರಲಿಲ್ಲ. ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಮಾತ್ರ ಅವಳಿಗೆ ತಡೆಯಲು ಆಗುತ್ತಿರಲಿಲ್ಲ.

ಎರಡೂ ಕೈ ಬಿಟ್ಟು, ಸೊಂಟಕ್ಕೆ ಕೈ ಇಟ್ಟು, ಅವಳು ಅರ್ಧ ದಾರಿ ಚೆನ್ನಾಗಿಯೇ ಬಂದಳು. ಆಗ ಕಡವಿನ ಕಡೆಯಿಂದ ಭೋಜ ಮರಕಾಲರು ಹೆಗಲ ಮೇಲೆ ಬಿದಿರಿನ ಗಳ ಇಟ್ಟುಕೊಂಡು ದಾರಿಯ ಬದಿಯಲ್ಲಿ ಹತ್ತಿ ಬರುತ್ತಿದ್ದರು. ಅರುವತ್ತೈದು ವರ್ಷದ ಆಸಾಮಿ, ಮೂವತ್ತು ವರ್ಷದಿಂದ ಆ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಕ್ಲಾರಾ ಕೈ ಚಾಚುವ ಹೊತ್ತಿಗೆ ಹ್ಯಾಂಡಲ್ ತಿರುಗಿ ಹೋಗಿತ್ತು. ಸೈಕಲ್ ನೇರ ಅವರ ಮೇಲೆ ಬಿತ್ತು. ಅವರ ತಲೆ ಪಾಗಾರ ಗೋಡೆಯ ಮುರಕಲ್ಲಿಗೆ ತಗಲಿತು.

ಅವರು ಎದ್ದು ಕುಳಿತರು. ತಲೆ ಸವರಿಕೊಂಡರು. ರಕ್ತ ಇರಲಿಲ್ಲ. "ನಿನಗೆ ಪೆಟ್ಟಾಯಿತಾ ಬಾಲೆ?" ಎಂದು ಕೇಳಿದರು. ಕ್ಲಾರಾಳ ಮೊಣಕಾಲು ಜಜ್ಜಿತ್ತು. ಅದನ್ನು ನೋಡಿ, "ಗಳಕ್ಕೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಆದದ್ದು ನಿನಗೇ" ಎಂದು ನಕ್ಕರು. ಮನೆಗೆ ಹೋಗಿ ಗಂಜಿ ಉಂಡರು. ಸ್ವಲ್ಪ ತಲೆನೋವು ಎಂದು ಚಾಪೆ ಹಾಸಿ ಮಲಗಿದರು. ಸಂಜೆ ನಾಲ್ಕಕ್ಕೆ ಹೆಂಡತಿ ಸುಗಂಧಿ ಚಾ ಮಾಡಿ ಎಬ್ಬಿಸಲು ಹೋದಾಗ ಅವರು ಏಳಲಿಲ್ಲ.

*

ಉಡುಪಿಯಿಂದ ಪೊಲೀಸರು ಬಂದರು. ಕಣ್ಣಾರೆ ನೋಡಿದವಳು ಜೆಸ್ಸಿ ಒಬ್ಬಳೇ. "ಮುದುಕರು ಒಮ್ಮೆಲೇ ಅಡ್ಡ ಬಂದರು" ಎಂದು ಅವಳು ಹೇಳಿದಳು. ಗೆಳತಿಯನ್ನು ಉಳಿಸಲು ಹೇಳಿದ್ದು. ದಫೇದಾರರು ಕ್ಲಾರಾಳ ಕಡೆ ತಿರುಗಿ, "ಹಾಗೆಯೇ ಆದದ್ದಲ್ವಾ?" ಎಂದರು. ಕ್ಲಾರಾಳ ಬಾಯಿಂದ ಮಾತೇ ಹೊರಡಲಿಲ್ಲ. ಸುಮ್ಮನಿದ್ದದ್ದನ್ನೇ ಅವರು ಹೌದು ಎಂದು ಬರೆದುಕೊಂಡರು. ಕೇಸು ಆಯಿತು. ತಂದೆ ಜಾಮೀನು ನಿಂತರು. ವಕೀಲರು, "ಅಡ್ಡ ಬಂದರು ಎಂಬ ಒಂದೇ ಮಾತು ಸಾಕು, ಮಗಳು ಬಿಡುಗಡೆಯಾಗುತ್ತಾಳೆ" ಎಂದು ಧೈರ್ಯ ಹೇಳಿದರು.

ಊರು ಬೇರೆಯೇ ತೀರ್ಪು ಕೊಟ್ಟಿತ್ತು: ಹುಡುಗಿ ಸೈಕಲ್ ಬಿಟ್ಟರೆ ಹೀಗೇ ಆಗುವುದು. ಹುಡುಗ ಬಿಟ್ಟಿದ್ದರೆ ಭೋಜ ಮರಕಾಲರು ಬದುಕಿ ಉಳಿಯುತ್ತಿದ್ದರು ಎಂಬಂತೆ ಎಲ್ಲರೂ ಮಾತಾಡಿದರು.

ಕ್ಲಾರಾ ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ಇಗರ್ಜಿಗೆ ಹೋಗಿ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದಳು. ಕೈ ಬಿಟ್ಟದ್ದನ್ನೂ, ಸುಮ್ಮನಿದ್ದದ್ದನ್ನೂ ಹೇಳಿದಳು. ಪಾದ್ರಿಗಳು ಒಂಬತ್ತು ದಿನ ಜಪಸರ ಮಾಡಲು ಹೇಳಿದರು. ಹಿಂದಿನ ಕ್ರಿಸ್ಮಸಿಗೆ ಡಬ್ಬದಿಂದ ಕಲ್ಕಲ್ ಕದ್ದು ತಿಂದದ್ದಕ್ಕೂ ಸುಮಾರು ಇಷ್ಟೇ ಶಿಕ್ಷೆ ಕೊಟ್ಟಿದ್ದರು.

"ಇಷ್ಟೇ ಸಾಕಾ, ಫಾದರ್?"

"ದೇವರಿಗೆ ಇಷ್ಟು ಸಾಕು" ಎಂದರು ಪಾದ್ರಿಗಳು. "ಮನುಷ್ಯರಿಗೆ ಹೇಳಬೇಕಾದದ್ದು ಇನ್ನೂ ಬಾಕಿ ಉಂಟು. ಅದನ್ನು ನಾನು ನಿನ್ನ ಪರವಾಗಿ ಹೇಳುವ ಹಾಗಿಲ್ಲ."

ಅಷ್ಟು ಧೈರ್ಯ ಅವಳಲ್ಲಿ ಇರಲಿಲ್ಲ.

*

ಕಡವಿನ ಆಚೆ ದಡ ಎಂದರೆ ಒಂದು ಕುದ್ರು, ಹೊಳೆಯ ನಡುವಿನ ದ್ವೀಪ. ಅಲ್ಲಿ ಮೂವತ್ತು ಮನೆಗಳು. ಶಾಲೆ, ಅಂಗಡಿ, ವೈದ್ಯರು, ಬಸ್ಸು ಎಲ್ಲ ಈಚೆ ದಡದಲ್ಲಿ. ದೋಣಿ ನಿಂತರೆ ಕುದ್ರುವೇ ನಿಂತ ಹಾಗೆ. ಭೋಜ ಮರಕಾಲರಿಗೆ ಗಂಡುಮಕ್ಕಳಿಲ್ಲ. ಮಗಳು ಸ್ವರ್ಣಲತಾಳನ್ನು ಕಾಪುವಿಗೆ ಮದುವೆ ಮಾಡಿಕೊಟ್ಟಿದ್ದರು. ಅಕ್ಕನ ಮಗ ವಾಸು ಬೊಂಬಾಯಿಯ ಹೋಟೆಲಿನಲ್ಲಿದ್ದ. ಮೇ ತಿಂಗಳಲ್ಲಿ ಬಂದು ದೋಣಿ ನೋಡಿಕೊಳ್ಳುತ್ತೇನೆ ಎಂದು ಕಾಗದ ಬರೆದಿದ್ದ. ಅಷ್ಟು ದಿನ ದೋಣಿ ಕಟ್ಟಿಹಾಕಿದರೆ ಕಡವು ಬೇರೆಯವರ ಕೈಗೆ ಹೋಗುತ್ತಿತ್ತು.

ಹದಿಮೂರನೇ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದು ನೆಂಟರೆಲ್ಲ ಹೋದ ಮಾರನೇ ದಿನ ಸುಗಂಧಿ ತಾನೇ ಗಳ ಹಿಡಿದು ದೋಣಿ ಹತ್ತಿದಳು. ಮೂವತ್ತು ವರ್ಷ ಗಂಡ ಮಾಡಿದ್ದನ್ನು ನೋಡಿದ್ದೇನೆ, ಇದರಲ್ಲಿ ಎಂತ ಉಂಟು ಎಂದುಕೊಂಡಳು.

ಕ್ಲಾರಾ ತೋಟದ ಬದಿಯಿಂದ ನೋಡಿದಾಗ ದೋಣಿ ಹೊಳೆಯ ಮಧ್ಯೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಆಚೆ ದಡದಲ್ಲಿ ಶಾಲೆಯ ಮಕ್ಕಳು, ಮೀನಿನ ಬುಟ್ಟಿಯ ಹೆಂಗಸರು, ಈಚೆ ದಡದಲ್ಲಿ ಅಕ್ಕಿಮುಡಿ ಹೊತ್ತವರು. ಎರಡೂ ಕಡೆಯಿಂದ ಉಪದೇಶ.

"ಎಡಕ್ಕೆ ಊರಿ!"

"ಎಡಕ್ಕೆ ಅಲ್ಲ, ಬಲಕ್ಕೆ!"

"ನಿಮ್ಮ ಎಡವಾ, ನನ್ನ ಎಡವಾ?" ಎಂದು ಸುಗಂಧಿ ನಡುಹೊಳೆಯಿಂದ ಬೊಬ್ಬೆ ಹೊಡೆದಳು.

ಇಳಿತದ ನೀರು ದೋಣಿಯನ್ನು ಸಮುದ್ರ ಸೇರುವ ಅಳಿವೆಯ ಕಡೆಗೆ ಎಳೆಯುತ್ತಿತ್ತು. ಕ್ಲಾರಾ ಯೋಚಿಸಲಿಲ್ಲ. ಲಂಗ ಎತ್ತಿ ಕಟ್ಟಿ ನೀರಿಗೆ ಹಾರಿದಳು. ಈಜಿ ಹೋಗಿ ದೋಣಿಯ ಅಂಚು ಹಿಡಿದಳು.

ಸುಗಂಧಿ ಅವಳ ಮುಖ ನೋಡಿದಳು. "ನೀನಾ? ನನ್ನನ್ನೂ ಮುಗಿಸಲು ಬಂದೆಯಾ?"

"ಇಲ್ಲ ಸುಗಂಧಿಯಕ್ಕ. ಗಳ ಕೊಡಿ."

"ಕೊಡುವುದಿಲ್ಲ."

ದೋಣಿ ಇನ್ನೊಂದು ಸುತ್ತು ತಿರುಗಿತು. ಕ್ಲಾರಾ ಅಂಚು ಹಿಡಿದುಕೊಂಡೇ ತಾನೂ ಸುತ್ತಿದಳು. ಮಕ್ಕಳು ದಡದಲ್ಲಿ ಕೇಕೆ ಹಾಕಿದರು. ಮೂರನೇ ಸುತ್ತಿಗೆ ಸುಗಂಧಿ, "ಹತ್ತು ಮಾರಾಯ್ತಿ, ನನಗೆ ತಲೆ ತಿರುಗುತ್ತದೆ" ಎಂದು ಗಳವನ್ನು ಅವಳ ಕೈಗೆ ಕೊಟ್ಟು, ಹಲಗೆಯ ಮೇಲೆ ದೊಪ್ಪನೆ ಕುಳಿತಳು. ಐದು ನಿಮಿಷದಲ್ಲಿ ದೋಣಿ ದಡ ಸೇರಿತು.

ಮರುದಿನ ಬೆಳಿಗ್ಗೆ ಸುಗಂಧಿ ಸ್ಟ್ಯಾನಿಸ್ಲಾಸರ ಅಂಗಳದಲ್ಲಿ ನಿಂತಿದ್ದಳು.

"ಪೊರ್ಬುಗಳೇ" ಎಂದಳು, ತುಳುವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ನಿಮ್ಮ ಮಗಳಿಂದಾಗಿ ನನ್ನ ಗಂಡ ಹೋದರು. ನನ್ನ ದೋಣಿಗೆ ಜನ ಇಲ್ಲ. ವಾಸು ಬರುವ ತನಕ ಅವಳನ್ನು ಕಳುಹಿಸಿ."

ಸ್ಟ್ಯಾನಿಸ್ಲಾಸರು ತಡವರಿಸಿದರು. "ಕಳುಹಿಸಬಾರದು ಎಂದಲ್ಲ. ಹೆಣ್ಣುಮಗು ಕಡವಿನಲ್ಲಿ ನಿಂತರೆ ಜನ ಎಂತ ಹೇಳಿಯಾರು?"

"ಹೇಳುವುದನ್ನೆಲ್ಲ ಆಗಲೇ ಹೇಳಿ ಮುಗಿಸಿದ್ದಾರಲ್ಲ. ಇನ್ನು ಎಂತ ಉಳಿದಿದೆ?"

ತೆರೆಸಾ ಒಳಗಿಂದ ಬಂದು ಮಗಳ ತಲೆಗೆ ಅಡಿಕೆ ಹಾಳೆಯ ಒಂದು ಮುಟ್ಟಾಳೆ ಇಟ್ಟರು. "ಬಿಸಿಲು ಜೋರು ಉಂಟು" ಎಂದರು, ಅಷ್ಟೇ.

ಮೊದಲ ದಿನ ಯಾರೂ ಹತ್ತಲಿಲ್ಲ. ಮುದುಕನನ್ನು ಬೀಳಿಸಿದ ಹುಡುಗಿಯ ದೋಣಿಗೆ ಜೀವ ಒಪ್ಪಿಸುವುದು ಹೇಗೆ? ಆಗ ಸುಗಂಧಿ ಹೋಗಿ ದೋಣಿಯ ಮುಂದಿನ ಹಲಗೆಯಲ್ಲಿ ಕುಳಿತು ಎಲೆ ಅಡಿಕೆ ಬಿಚ್ಚಿದಳು. "ಹೋದದ್ದು ನನ್ನ ಗಂಡ. ನಾನೇ ಕುಳಿತಿದ್ದೇನೆ. ನಿಮಗೆ ಎಂತ ಹೆದರಿಕೆ?" ಎಂದಳು. ಮೊದಲು ಮಕ್ಕಳು ಹತ್ತಿದರು, ಅವರ ಹಿಂದೆ ಮೀನಿನ ಹೆಂಗಸರು, ಕೊನೆಗೆ ಒಂದು ಆಡು.

*

ಜನವರಿಯ ಹೊತ್ತಿಗೆ ಕ್ಲಾರಾಳ ಅಂಗೈ ಗಟ್ಟಿಯಾಗಿತ್ತು. ಏರು ನೀರು ಯಾವಾಗ, ಇಳಿ ನೀರು ಯಾವಾಗ, ಎಲ್ಲಿ ಹೂಳು ಇದೆ, ಯಾವ ಹೆಂಗಸಿನ ಹತ್ತಿರ ಯಾವ ಹೆಂಗಸನ್ನು ಕೂರಿಸಿದರೆ ನಡುಹೊಳೆಯಲ್ಲಿ ಜಗಳವಾಗುತ್ತದೆ, ಎಲ್ಲ ತಿಳಿದಿತ್ತು. ಕುದ್ರುವಿನ ಶಾಲಾಮಕ್ಕಳಿಗೆ ದೋಣಿಯಲ್ಲೇ ಮಗ್ಗಿ ಹೇಳಿಸುತ್ತಿದ್ದಳು. ಹೋಗುವಾಗ ಏಳರ ಮಗ್ಗಿ, ಬರುವಾಗ ಎಂಟರದ್ದು. ತಪ್ಪಿದವನು ದಡ ಮುಟ್ಟಿದ ಮೇಲೆ ಹಗ್ಗ ಕಟ್ಟಬೇಕು. ಹಗ್ಗ ಕಟ್ಟುವ ಆಸೆಗೆ ಮಕ್ಕಳು ಬೇಕೆಂದೇ ತಪ್ಪು ಹೇಳತೊಡಗಿದರು. ಒಂದು ಮದುವೆ ದಿಬ್ಬಣವನ್ನು ಮೂರು ಸುತ್ತಿನಲ್ಲಿ ದಾಟಿಸಿದಳು. ಗಡಿಬಿಡಿಯಲ್ಲಿ ಮದುಮಗ ಈಚೆ ದಡದಲ್ಲೇ ಉಳಿದು, ಓಲಗದವರು ಆಚೆ ದಡದಲ್ಲಿ ಊದಿದ್ದೇ ಊದಿದ್ದು.

ಮಧ್ಯಾಹ್ನ ಸುಗಂಧಿ ಗಂಜಿ, ಒಣಮೀನಿನ ಚಟ್ನಿ ತರುತ್ತಿದ್ದಳು. ಇಬ್ಬರೂ ತೆಂಗಿನ ನೆರಳಿನಲ್ಲಿ ಕುಳಿತು ಉಣ್ಣುತ್ತಿದ್ದರು. ಸುಗಂಧಿಗೆ ಊರಿನ ಪ್ರತಿಯೊಬ್ಬರ ನಡಿಗೆಯನ್ನೂ ಅಣಕಿಸಲು ಬರುತ್ತಿತ್ತು. ದಫೇದಾರರ ಹೊಟ್ಟೆ, ವಕೀಲರ ಕೆಮ್ಮು, ಪಾದ್ರಿಗಳು ನಿಲುವಂಗಿ ಎತ್ತಿಕೊಂಡು ದೋಣಿ ಹತ್ತುವ ರೀತಿ. ಕ್ಲಾರಾ ನಕ್ಕು ನಕ್ಕು ಗಂಜಿ ಮೂಗಿಗೆ ಹತ್ತಿಸಿಕೊಂಡಳು.

ಒಂದು ಬೆಳಿಗ್ಗೆ ಅವಳಿಗೆ ಗೊತ್ತಾಯಿತು: ತಾನು ಹಾಡಿಕೊಂಡು ಕಡವಿಗೆ ಬರುತ್ತಿದ್ದೇನೆ. ಅವಳು ದಾರಿಯಲ್ಲೇ ನಿಂತುಬಿಟ್ಟಳು. ಒಬ್ಬರ ಜೀವ ತೆಗೆದು, ಅವರ ದೋಣಿಯಲ್ಲಿ, ಅವರ ಗಳ ಹಿಡಿದು, ಅವರ ಹೆಂಡತಿ ಮಾಡಿದ ಗಂಜಿ ಉಂಡು ಖುಷಿಯಾಗಿದ್ದೇನೆ. ಅದೂ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು. ಆ ಮಧ್ಯಾಹ್ನ ಅವಳು ಗಂಜಿಯ ಬಟ್ಟಲನ್ನು ಸುಗಂಧಿಯ ಕಡೆಗೇ ದೂಡಿದಳು.

ಕೋರ್ಟಿನ ದಿನ ಫೆಬ್ರವರಿಯಲ್ಲಿ ಬಂತು. ಅದಕ್ಕೆ ಮೂರು ದಿನ ಮೊದಲು, ಮಧ್ಯಾಹ್ನದ ಖಾಲಿ ದೋಣಿಯಲ್ಲಿ ಸುಗಂಧಿ ಒಬ್ಬಳೇ ಇದ್ದಾಗ, ಕ್ಲಾರಾ ಗಳವನ್ನು ಹೂಳಿನಲ್ಲಿ ಊರಿ ದೋಣಿ ನಿಲ್ಲಿಸಿದಳು.

"ಸುಗಂಧಿಯಕ್ಕ, ಅವರು ಅಡ್ಡ ಬಂದದ್ದಲ್ಲ. ಅವರು ಬದಿಯಲ್ಲೇ ಇದ್ದರು. ನಾನು ಪಂಥ ಕಟ್ಟಿ ಎರಡೂ ಕೈ ಬಿಟ್ಟಿದ್ದೆ."

ಸುಗಂಧಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅವಳ ಬೆರಳು ನಿಂತಿತು.

"ಇನ್ನೂ ಒಂದು ಉಂಟು" ಎಂದಳು ಕ್ಲಾರಾ. ಈಗ ಅವಳು ಅಳುತ್ತಿದ್ದಳು. "ದೋಣಿ ನಡೆಸುವುದು ಶಿಕ್ಷೆ ಎಂದುಕೊಂಡು ಬಂದೆ. ಆದರೆ ನನಗೆ ಇದು ಖುಷಿಯಾಗುತ್ತದೆ. ಶಿಕ್ಷೆಯಲ್ಲಿ ಖುಷಿ ಆದರೆ ಅದು ಶಿಕ್ಷೆ ಹೇಗಾಗುತ್ತದೆ?"

ಸುಗಂಧಿ ಕೈಯಲ್ಲಿದ್ದ ಎಲೆಯನ್ನು ನೀರಿಗೆ ಎಸೆದಳು. "ದಡಕ್ಕೆ ಬಿಡು" ಎಂದಳು. ಇಳಿದು ಹಿಂದೆ ನೋಡದೆ ಹೋದಳು.

ಮರುದಿನ ಅವಳು ಕಡವಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕ್ಲಾರಾ ದೋಣಿ ನಡೆಸಿದಳು. ಮಕ್ಕಳು ಒಂಬತ್ತರ ಮಗ್ಗಿಯನ್ನು ಎಲ್ಲೆಲ್ಲೋ ತಪ್ಪು ಹೇಳಿದರು. ಅವಳ ಕಿವಿಗೆ ಬೀಳಲಿಲ್ಲ.

*

ಉಡುಪಿಯ ಕೋರ್ಟಿನಲ್ಲಿ ವಕೀಲರು ಕೆಮ್ಮಿ, "ಮೃತರು ಅಕಸ್ಮಾತ್ತಾಗಿ ಅಡ್ಡ ಬಂದ ಕಾರಣ" ಎಂದು ಶುರು ಮಾಡಿದರು.

"ಅಲ್ಲ ಸ್ವಾಮಿ" ಎಂದಳು ಕ್ಲಾರಾ.

ವಕೀಲರು ಹಣೆಗೆ ಕೈ ಹಚ್ಚಿದರು. ಸ್ಟ್ಯಾನಿಸ್ಲಾಸರು ಕಣ್ಣು ಮುಚ್ಚಿದರು. ಮ್ಯಾಜಿಸ್ಟ್ರೇಟರು ಕನ್ನಡಕ ಸರಿಮಾಡಿಕೊಂಡು, "ಹಾಗಾದರೆ ಹೇಗೆ?" ಎಂದು ಕೇಳಿದರು. ಕ್ಲಾರಾ ಎಲ್ಲ ಹೇಳಿದಳು. ಪಂಥ, ಇಳಿಜಾರು, ಸೊಂಟದ ಮೇಲಿನ ಕೈ. ದಫೇದಾರರು ಕೇಳಿದಾಗ ತಾನು ಸುಮ್ಮನಿದ್ದದ್ದನ್ನೂ ಹೇಳಿದಳು. ಜೆಸ್ಸಿ ಹಿಂದೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿದಳು. ಆಮೇಲೆ ತಾನೇ ಎದ್ದು ನಿಂತು, ಯಾರೂ ಕರೆಯದಿದ್ದರೂ, "ಪಂಥ ನನ್ನದು, ಸುಳ್ಳೂ ನನ್ನದು" ಎಂದಳು.

ಮ್ಯಾಜಿಸ್ಟ್ರೇಟರು ಸುಗಂಧಿಯನ್ನು ಕರೆಸಿದರು. ಮ್ಯಾಜಿಸ್ಟ್ರೇಟರು ಘಟ್ಟದ ಮೇಲಿನವರು, ಸುಗಂಧಿ ಆಡುವ ತುಳು ಅವರಿಗೆ ಬಾರದು. ಗುಮಾಸ್ತರು ಕನ್ನಡಕ್ಕೆ ತಿರುಗಿಸಲು ನಿಂತರು.

"ಈ ಹುಡುಗಿಯ ವಿಷಯದಲ್ಲಿ ನೀವು ಹೇಳುವುದೇನಾದರೂ ಇದೆಯೇ?"

ಸುಗಂಧಿ ಹೇಳತೊಡಗಿದಳು. ಕೈ ಆಡಿಸಿ, ಧ್ವನಿ ಏರಿಸಿ, ಇಳಿಸಿ, ಸುಮಾರು ಹೊತ್ತು ಹೇಳಿದಳು. ಗುಮಾಸ್ತರು ಗಂಟಲು ಸರಿಮಾಡಿಕೊಂಡು, "ತನಗೆ ತುಂಬ ದುಃಖವಾಗಿದೆ ಎನ್ನುತ್ತಾಳೆ" ಎಂದರು.

ಸುಗಂಧಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. "ನಾನು ಇಷ್ಟುದ್ದ ಹೇಳಿದೆ, ನೀವು ಇಷ್ಟೇ ಹೇಳಿದಿರಿ. ಉಳಿದದ್ದು ಎಲ್ಲಿಗೆ ಹೋಯಿತು?" ಎಂದು ಕನ್ನಡದಲ್ಲೇ ಗುಮಾಸ್ತರನ್ನು ಕೇಳಿದಳು. ಕೋರ್ಟಿನಲ್ಲಿ ನಗು ಎದ್ದಿತು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿದರು, ಆದರೆ ಅವರ ಮೀಸೆಯೂ ಅಲುಗಿತ್ತು. "ನೀವೇ ಕನ್ನಡದಲ್ಲಿ ಹೇಳಿ" ಎಂದರು.

ಸುಗಂಧಿ ತನಗೆ ಬಂದ ಕನ್ನಡದಲ್ಲಿ ಹೇಳಿದಳು. "ಇವಳು ಕೈ ಬಿಟ್ಟದ್ದನ್ನು ನನಗೆ ಮೊದಲೇ ಹೇಳಿದ್ದಾಳೆ. ನನಗೆ ಸಿಟ್ಟು ಬಂತು. ಎರಡು ದಿನ ಅನ್ನ ಸೇರಲಿಲ್ಲ. ಈಗಲೂ ಸಿಟ್ಟು ಉಂಟು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅವಳು ಹೇಳದಿದ್ದರೆ ನನಗೆ ಯಾರು ಹೇಳುತ್ತಿದ್ದರು? ನನ್ನ ಗಂಡ ದಾರಿ ನೋಡದೆ ಅಡ್ಡ ಹೋದರು ಎಂದೇ ನಾನು ತಿಳಿಯುತ್ತಿದ್ದೆ. ಅವರು ಬದಿಯಲ್ಲೇ ನಡೆಯುವ ಜನ. ಈಗ ಅವರ ಮೇಲಿನ ತಪ್ಪು ಹೋಯಿತು. ಇನ್ನು ನೀವು ಇವಳನ್ನು ಎಲ್ಲಿಯಾದರೂ ಕೂಡಿಹಾಕಿದರೆ ಕುದ್ರುವಿನ ಮಕ್ಕಳನ್ನು ಶಾಲೆಗೆ ಯಾರು ದಾಟಿಸುವುದು? ನೀವು ಬರುತ್ತೀರಾ ಸ್ವಾಮಿ?"

ಗುಮಾಸ್ತರು ಇದನ್ನು ತಿರುಗಿಸಬೇಕಾಗಿಲ್ಲ ಎಂದು ಸಮಾಧಾನಪಟ್ಟವರಂತೆ ಕುಳಿತುಬಿಟ್ಟರು.

ಮ್ಯಾಜಿಸ್ಟ್ರೇಟರು ಅಪರಾಧ ಸಾಬೀತಾಗಿದೆ ಎಂದರು. ವಯಸ್ಸನ್ನೂ, ತಾನಾಗಿ ನಿಜ ಹೇಳಿದ್ದನ್ನೂ ಲಕ್ಷ್ಯಕ್ಕೆ ತಂದುಕೊಂಡು, ಒಂದು ವರ್ಷ ಒಳ್ಳೆಯ ನಡತೆಯಿಂದ ಇರಬೇಕೆಂಬ ಮುಚ್ಚಳಿಕೆಯ ಮೇಲೆ ತಂದೆಯ ಸುಪರ್ದಿಗೆ ಬಿಟ್ಟರು. ಆಮೇಲೆ ಕ್ಲಾರಾಳನ್ನು ನೇರ ನೋಡಿ ಹೇಳಿದರು: "ನಿನ್ನ ಆಟಕ್ಕೆ ಒಬ್ಬರ ಜೀವ ಹೋಗಿದೆ. ಅದನ್ನು ಈ ಕೋರ್ಟು ಅಳಿಸಲಾರದು." ಕ್ಲಾರಾ ತಲೆ ಆಡಿಸಿದಳು. ಅಷ್ಟು ಸ್ಪಷ್ಟವಾಗಿ ಅದನ್ನು ಅವಳ ಮುಖಕ್ಕೆ ಯಾರೂ ಹೇಳಿರಲಿಲ್ಲ. ಕೇಳಿದ ಮೇಲೆ ಯಾಕೋ ಉಸಿರಾಡಲು ಸುಲಭವಾಯಿತು.

ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಸುಗಂಧಿ ಕ್ಲಾರಾಳ ಬದಿಯಲ್ಲಿ ಬಂದು ಕುಳಿತಳು. ಕಲ್ಯಾಣಪುರ ದಾಟಿದ ಮೇಲೆ, "ಆ ದಿನ ಒಂದು ಪ್ರಶ್ನೆ ಕೇಳಿದೆಯಲ್ಲ, ಖುಷಿಯದ್ದು" ಎಂದಳು.

"ಹೌದು."

"ಖುಷಿಯಲ್ಲಿ ಮಾಡಬೇಡ ಅಂತ ನಾನು ಯಾವತ್ತಾದರೂ ಹೇಳಿದ್ದೇನಾ? ದೋಣಿಯವರು ಮೋರೆ ಗಂಟು ಹಾಕಿ ನಿಂತರೆ ಯಾರಾದರೂ ಹತ್ತುತ್ತಾರಾ? ಅಳುವುದಕ್ಕೆ ನಿನಗೆ ಮನೆಯಲ್ಲಿ ಜಾಗ ಇಲ್ವಾ? ನನಗೆ ಉಂಟಪ್ಪ, ನಾನು ಅಲ್ಲೇ ಅಳುತ್ತೇನೆ. ನಾಳೆ ಬೇಗ ಬಾ, ಅಂಗಡಿಯವರ ಅಕ್ಕಿಮುಡಿ ದಾಟಿಸಬೇಕು."

*

ಮೇ ತಿಂಗಳಲ್ಲಿ ವಾಸು ಬೊಂಬಾಯಿಯಿಂದ ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ತಲೆಗೆ ಎಣ್ಣೆ. ಕ್ಲಾರಾ ಅವನಿಗೆ ಹತ್ತು ದಿನ ದೋಣಿ ಕಲಿಸಿದಳು. ಅದರಲ್ಲಿ ಅವನು ನಾಲ್ಕು ಸಲ ನೀರಿಗೆ ಬಿದ್ದ. ಹನ್ನೊಂದನೇ ದಿನದಿಂದ ಲುಂಗಿ ಉಟ್ಟು ಬಂದ, ಕೆಲಸ ಹತ್ತಿತು.

ಜೂನಿನಲ್ಲಿ ಕ್ಲಾರಾ ಟ್ರೈನಿಂಗಿಗೆ ಸೇರಿದಳು. ಟೀಚರ್ ಆಗಿ ಕಾರ್ಕಳದ ಹತ್ತಿರ ಕುಕ್ಕುಂದೂರಿನ ಕಡೆ ಹೋದಳು. ಪ್ರತಿ ನವೆಂಬರಿನಲ್ಲಿ ಭೋಜ ಮರಕಾಲರ ತಿಥಿಗೆ ಮಾತ್ರ ತಪ್ಪದೆ ಕೆಮ್ಮಣ್ಣಿಗೆ ಬಂದು, ಸುಗಂಧಿಯ ಮನೆಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದಳು. ಕ್ಷಮಿಸಿದೆ ಎಂದು ಸುಗಂಧಿ ಒಂದು ಸಲವೂ ಹೇಳಲಿಲ್ಲ. ಕ್ಲಾರಾ ಕೇಳಲೂ ಇಲ್ಲ.

೧೯೬೪ರ ಬೇಸಿಗೆಯಲ್ಲಿ ಸುಗಂಧಿ ತಾನೇ ಬಸ್ಸು ಹಿಡಿದು ಕುಕ್ಕುಂದೂರಿಗೆ ಬಂದಳು. ಕಾರ್ಕಳದ ಗೊಮ್ಮಟನನ್ನು ಒಮ್ಮೆ ನೋಡಬೇಕು ಎಂಬುದು ಅವಳ ಬಹಳ ಕಾಲದ ಆಸೆ. ಇಬ್ಬರೂ ಬೆಳಿಗ್ಗೆಯೇ ಬೆಟ್ಟ ಹತ್ತಿದರು. ಸುಗಂಧಿ ಹತ್ತು ಮೆಟ್ಟಿಲಿಗೊಮ್ಮೆ ಕುಳಿತು, ಏದುಸಿರು ಬಿಟ್ಟು, ಮೇಲೆ ತಲುಪಿದ ಮೇಲೆ ಬಂಡೆಯ ನೆರಳಿನಲ್ಲಿ ಕಾಲು ಚಾಚಿದಳು. ಕ್ಲಾರಾ ಕಟ್ಟಿಕೊಂಡು ಬಂದಿದ್ದ ಅವಲಕ್ಕಿ ಬಿಚ್ಚಿದಳು.

"ನಮ್ಮವರು ನನ್ನನ್ನು ನೋಡಲು ಬಂದ ಕತೆ ನಿನಗೆ ಹೇಳಿದ್ದೇನಾ?" ಎಂದು ಸುಗಂಧಿ ಕೇಳಿದಳು.

ಗಂಡನ ಬಗ್ಗೆ ಅವಳು ಕತೆ ಹೇಳಿದ್ದೇ ಇಲ್ಲ. ಕ್ಲಾರಾ ಇಲ್ಲ ಎಂದು ತಲೆ ಆಡಿಸಿದಳು.

"ನನ್ನ ತವರು ಕಾಪು. ಅವರು ಒಬ್ಬರೇ ಬಂದರು, ಯಾರದೋ ಎರವಲು ಕೋಟು ಹಾಕಿಕೊಂಡು. ನಾಚಿಕೆಗೆ ದಾರಿ ಯಾರನ್ನೂ ಕೇಳಲಿಲ್ಲ. ನಮ್ಮ ನೆರೆಮನೆಗೆ ನುಗ್ಗಿದರು. ಆ ಮನೆಯಲ್ಲಿ ಅವತ್ತು ಸೀಮಂತ. ಇವರನ್ನು ಯಾರೋ ನೆಂಟರು ಎಂದುಕೊಂಡು ಎಲೆ ಹಾಕಿ ಬಡಿಸಿದರು. ಹೆಣ್ಣಿನ ಮನೆಯವರು ಎಷ್ಟು ಒಳ್ಳೆಯವರು ಎಂದು ಇವರು ಕೋಳಿಸಾರು ಮೂರು ಸಲ ಹಾಕಿಸಿಕೊಂಡು ಉಂಡರು. ಕೊನೆಗೆ, ಹುಡುಗಿಯನ್ನು ತೋರಿಸಿ ಎಂದು ಕೇಳಿದರು. ಅವರು ಏಳು ತಿಂಗಳ ಬಸುರಿಯನ್ನು ತಂದು ಮುಂದೆ ಕೂರಿಸಿದರು!"

ಕ್ಲಾರಾಳಿಗೆ ಅವಲಕ್ಕಿ ನೆತ್ತಿಗೆ ಹತ್ತಿತು. "ಮತ್ತೆ? ಅವರು ಎಂತ ಹೇಳಿದರು?"

"ಎಂತ ಹೇಳುವುದು? ಉಂಡ ಋಣ ಅಲ್ವಾ! 'ಹುಡುಗಿ ಆಗಬಹುದು, ಆದರೆ ಸ್ವಲ್ಪ ತಡವಾಯಿತು' ಎಂದರಂತೆ."

ಇಬ್ಬರೂ ನಕ್ಕರು. ಕೆಳಗಿನಿಂದ ಹತ್ತಿ ಬರುತ್ತಿದ್ದ ಒಂದು ಸಂಸಾರ, ದೇವರ ಸನ್ನಿಧಿಯಲ್ಲಿ ಇದೆಂತ ನಗು ಎಂದು ತಿರುಗಿ ನೋಡಿತು. ಭೋಜ ಮರಕಾಲರ ವಿಷಯದಲ್ಲಿ ಕ್ಲಾರಾ ನಕ್ಕದ್ದು ಏಳು ವರ್ಷದಲ್ಲಿ ಅದೇ ಮೊದಲು. ಅಲ್ಲಿಯವರೆಗೆ ಅವಳಿಗೆ ಅವರೆಂದರೆ ಪಾಗಾರದ ಬುಡದಲ್ಲಿ ತಲೆ ಸವರಿಕೊಂಡು ಕುಳಿತ ಒಬ್ಬ ಮುದುಕರು ಮಾತ್ರ ಆಗಿದ್ದರು.

"ಇನ್ನೊಂದು ಹೇಳಿ" ಎಂದಳು.

"ಹೇಳುತ್ತೇನೆ, ಹೇಳುತ್ತೇನೆ. ಮೂವತ್ತು ವರ್ಷದ್ದು ಉಂಟು" ಎಂದು ಸುಗಂಧಿ ಅವಲಕ್ಕಿಯ ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡಳು.